ಚತುರ್ಥಿಯಿಂದ ಪ್ರಥಮೆಗೆ: ಹೈಟಿಯ ಭೂಕಂಪ ಮತ್ತು ಅದರ ಲೇಖಕರು

ವಿಪತ್ತಿಗೆ ಈಡಾದ ಬಡದೇಶವೊಂದು ಚೇತರಿಸಿಕೊಳ್ಳುತ್ತಿದೆ ಎಂದು ನಾವು ಯಾವ ಆಧಾರದಿಂದ ಹೇಳುತ್ತೇವೆ? ಉತ್ತರ ಸುಲಭವೆಂದು ಪತ್ರಿಕೆಯ ವಾಚಕರಿಗೆ ತೋರಬಹುದು. ಇಷ್ಟು ಮನೆಗಳು ಎದ್ದವು, ಇಷ್ಟು ಶಾಲೆಗಳು ತೆರೆದವು, ಇಷ್ಟು ಕೋಟಿ ಡಾಲರು ಹರಿದು ಬಂತು. ಇವೇ ಪ್ರಗತಿಯ ಲಕ್ಷಣಗಳು. ಅಂಕಿಗಳನ್ನು ಅಲ್ಲಗಳೆಯುವುದು ನನ್ನ ಉದ್ದೇಶವಲ್ಲ. ಆದರೆ ಅಂಕಿಗಳೂ ವಾಕ್ಯಗಳಲ್ಲಿ ಕುಳಿತೇ ನಮ್ಮ ಬಳಿಗೆ ಬರುತ್ತವೆ. ವಾಕ್ಯವೆಂದ ಮೇಲೆ ಅದಕ್ಕೆ ಸಾಮಾನ್ಯವಾಗಿ ಕರ್ತೃಪದ, ಕರ್ಮಪದ, ಕ್ರಿಯಾಪದ ಇರುತ್ತವೆ. ಕಾಲೇಜಿನಲ್ಲಿ ವರ್ಷಗಟ್ಟಲೆ ವ್ಯಾಕರಣ ಪಾಠ ಹೇಳಿದ ಅಭ್ಯಾಸವೋ ಏನೋ, ಇಂಥ ವರದಿಗಳನ್ನು ಓದುವಾಗ ನನ್ನ ಕಣ್ಣು ಮೊದಲು ಹೋಗುವುದು ಅಂಕಿಯ ಕಡೆಗಲ್ಲ, ವಿಭಕ್ತಿಯ ಕಡೆಗೆ.

ಕೆರಿಬಿಯನ್ ಸಮುದ್ರದ ದ್ವೀಪವೊಂದರ ಪಶ್ಚಿಮ ಭಾಗದಲ್ಲಿರುವ ಹೈಟಿ ದೇಶವನ್ನು ಇದಕ್ಕೆ ನಿದರ್ಶನವಾಗಿ ತೆಗೆದುಕೊಳ್ಳೋಣ. ೨೦೧೦ರ ಜನವರಿ ೧೨ರ ಸಂಜೆ ೪ ಗಂಟೆ ೫೩ ನಿಮಿಷಕ್ಕೆ ಅಲ್ಲಿ ಭೂಮಿ ನಡುಗಿತು. ಕಂಪನದ ಪ್ರಮಾಣ ೭.೦. ರಾಜಧಾನಿ ಪೋರ್ಟ್ ಒ ಪ್ರಿನ್ಸ್ ನಗರವೂ ಅದರ ಪಶ್ಚಿಮಕ್ಕಿರುವ ಲೆಯೊಗಾನ್ ಪಟ್ಟಣವೂ ಒಂದು ನಿಮಿಷದೊಳಗೆ ನೆಲಕಚ್ಚಿದವು. ಸತ್ತವರು ಮೂರು ಲಕ್ಷಕ್ಕೂ ಮಿಕ್ಕು ಎಂದಿತು ಅಲ್ಲಿನ ಸರಕಾರ. ಅದಕ್ಕಿಂತ ಬಹಳ ಕಡಿಮೆಯೆಂದು ವಾದಿಸಿದವರೂ ಉಂಟು. ಮನೆಮಾರು ಕಳೆದುಕೊಂಡು ಡೇರೆ ಸೇರಿದವರು ಸುಮಾರು ೧೫ ಲಕ್ಷ. ಅದೇ ವರ್ಷದ ಫೆಬ್ರವರಿ ೨೭ರಂದು ಚಿಲಿ ದೇಶದಲ್ಲಿ ಇದಕ್ಕಿಂತ ಎಷ್ಟೋ ಪಾಲು ಪ್ರಬಲವಾದ, ೮.೮ ಪ್ರಮಾಣದ ಭೂಕಂಪವಾಯಿತು. ಅಲ್ಲಿ ಸತ್ತವರ ಸಂಖ್ಯೆ ಐನೂರರ ಆಸುಪಾಸು. ಭೂಮಿಯನ್ನು ನಡುಗಿಸಿದ್ದು ಪ್ರಕೃತಿ. ಜನರನ್ನು ಕೊಂದದ್ದು ಬಹುಮಟ್ಟಿಗೆ ನಿಯಮವಿಲ್ಲದೆ ಕಟ್ಟಿದ ಕಾಂಕ್ರೀಟು. ‘ಪ್ರಕೃತಿವಿಕೋಪ’ ಎಂಬ ಪದದ ಅರ್ಧ ಭಾರವನ್ನು ಮನುಷ್ಯರೇ ಹೊರಬೇಕಾಗುತ್ತದೆ.

ಆ ವರ್ಷದಿಂದೀಚೆಗೆ ಹೈಟಿಯ ಬಗ್ಗೆ ಎರಡು ಬಗೆಯ ಬರವಣಿಗೆ ಬೆಳೆದಿದೆ. ಒಂದು, ನೆರವು ನೀಡಿದ ಸಂಸ್ಥೆಗಳ ವರದಿಗಳು. ಇನ್ನೊಂದು, ಹೈಟಿಯ ಲೇಖಕರ ಕೃತಿಗಳು. ಫ್ರೆಂಚ್ ಭಾಷೆ ನನಗೆ ಬಾರದು. ಇಂಗ್ಲಿಷ್ ಅನುವಾದವಿದ್ದವನ್ನು ಹಾಗೆಯೂ, ಇಲ್ಲದವನ್ನು ಫ್ರೆಂಚ್ ಬಲ್ಲ ಸಹೋದ್ಯೋಗಿಯೊಬ್ಬರ ನೆರವಿನಿಂದಲೂ ಓದಿದ್ದೇನೆ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದಾಗ ಎದ್ದು ಕಾಣುವ ವ್ಯತ್ಯಾಸ ಒಂದೇ. ವರದಿಗಳಲ್ಲಿ ಹೈಟಿಯ ಜನ ಯಾವಾಗಲೂ ಚತುರ್ಥೀ ವಿಭಕ್ತಿಯಲ್ಲಿರುತ್ತಾರೆ: ನಿರಾಶ್ರಿತರಿಗೆ ಡೇರೆ, ಮಕ್ಕಳಿಗೆ ಹಾಲಿನ ಪುಡಿ, ರೈತರಿಗೆ ಬೀಜ. ೨೦೧೦ರ ಮಾರ್ಚಿಯಲ್ಲಿ ನ್ಯೂಯಾರ್ಕಿನಲ್ಲಿ ನಡೆದ ದಾನಿ ರಾಷ್ಟ್ರಗಳ ಸಭೆಯಲ್ಲಿ ಎರಡು ವರ್ಷಗಳ ಅವಧಿಗೆ ೫೦೦ ಕೋಟಿ ಡಾಲರಿಗೂ ಹೆಚ್ಚಿನ ವಾಗ್ದಾನವಾಯಿತು, ಅದೂ ‘ಹೈಟಿಗೆ’. ಕೊಡುವವನು ಕರ್ತೃ, ಕೊಟ್ಟದ್ದು ಕರ್ಮ, ಪಡೆಯುವವನು ಸಂಪ್ರದಾನ. ವ್ಯಾಕರಣದಲ್ಲಿ ಇದು ದೋಷವಲ್ಲ. ಆದರೆ ಒಂದು ದೇಶದ ಇಡೀ ಕಥೆಯನ್ನು ಈ ಒಂದೇ ವಿಭಕ್ತಿಯಲ್ಲಿ ಹೇಳಿ ಮುಗಿಸಿದರೆ, ಆ ದೇಶ ಏನನ್ನಾದರೂ ಮಾಡಿತೆ ಎಂಬ ಪ್ರಶ್ನೆಯೇ ಏಳುವುದಿಲ್ಲ.

ಇದು ಬರಿಯ ಮಾತಿನ ಚಮತ್ಕಾರವಲ್ಲ. ಪುನರ್ನಿರ್ಮಾಣಕ್ಕೆಂದು ರಚಿತವಾದ ಆಯೋಗಕ್ಕೆ ಅಮೆರಿಕದ ಮಾಜಿ ಅಧ್ಯಕ್ಷ ಬಿಲ್ ಕ್ಲಿಂಟನ್ ಮತ್ತು ಹೈಟಿಯ ಪ್ರಧಾನಿ ಜಾನ್ ಮ್ಯಾಕ್ಸ್ ಬೆಲ್‌ರೀವ್ ಜೊತೆಗೂಡಿ ಅಧ್ಯಕ್ಷರಾಗಿದ್ದರು. ೨೦೧೦ರ ಡಿಸೆಂಬರಿನಲ್ಲಿ ಆ ಆಯೋಗದ ಹೈಟಿ ಸದಸ್ಯರೇ, ತಾವು ಅಲ್ಲಿ ಹೆಸರಿಗೆ ಮಾತ್ರ ಇದ್ದೇವೆ, ನಿರ್ಣಯಗಳು ಬೇರೆಡೆ ಆಗುತ್ತಿವೆ ಎಂದು ಲಿಖಿತವಾಗಿ ಪ್ರತಿಭಟಿಸಿದರು. ಪರಿಹಾರ ಕಾರ್ಯವನ್ನು ಹೊಂದಿಸುವ ಸಭೆಗಳು ವಿಮಾನ ನಿಲ್ದಾಣದ ಬಳಿಯ ವಿಶ್ವಸಂಸ್ಥೆಯ ನೆಲೆಯೊಳಗೆ, ಬಹುಮಟ್ಟಿಗೆ ಇಂಗ್ಲಿಷಿನಲ್ಲಿ ನಡೆದವು. ದೇಶದ ಜನರೆಲ್ಲ ಆಡುವ ಭಾಷೆ ಕ್ರಿಯೋಲ್. ತನ್ನ ಮನೆಯ ವಿಚಾರವನ್ನು ತನಗೆ ತಿಳಿಯದ ನುಡಿಯಲ್ಲಿ ಇತರರು ಚರ್ಚಿಸುವುದನ್ನು ಬಾಗಿಲಾಚೆ ನಿಂತು ಕೇಳುವವನ ಪಾಡೇನೆಂಬುದನ್ನು ಕನ್ನಡಿಗರಿಗೆ ವಿವರಿಸಬೇಕಾಗಿಲ್ಲ.

ಈಗ ಸಾಹಿತ್ಯದ ಕಡೆ ತಿರುಗೋಣ. ಭೂಕಂಪದ ಕೃತಿಗಳಿಗೆ ಬರುವ ಮುನ್ನ ಹಳೆಯ ಕಾದಂಬರಿಯೊಂದನ್ನು ನೆನೆಯಬೇಕು. ಹೈಟಿಯ ಮಟ್ಟಿಗೆ ಅದೇ ಅಳತೆಗೋಲು. ಜಾಕ್ ರೂಮ್ಯಾ ಬರೆದು, ಅವರು ತೀರಿಕೊಂಡ ೧೯೪೪ರಲ್ಲೇ ಪ್ರಕಟವಾದ ಈ ಕಾದಂಬರಿ ಇಂಗ್ಲಿಷಿನಲ್ಲಿ ‘ಮಾಸ್ಟರ್ಸ್ ಆಫ್ ದಿ ಡ್ಯೂ’ ಎಂದು ಪ್ರಸಿದ್ಧವಾಗಿದೆ. ‘ಇಬ್ಬನಿಯ ಒಡೆಯರು’ ಎನ್ನಬಹುದು. ಬರಗಾಲದಿಂದ ಒಣಗಿದ, ಹಗೆತನದಿಂದ ಎರಡು ಬಣವಾಗಿ ಒಡೆದ ಹಳ್ಳಿ. ಕ್ಯೂಬಾದ ಕಬ್ಬಿನ ತೋಟಗಳಲ್ಲಿ ದುಡಿದು ಮರಳಿದ ಮಾನ್ಯುಯೆಲ್ ಎಂಬ ತರುಣ ಬೆಟ್ಟ ಅಲೆದು ನೀರಿನ ಸೆಲೆ ಕಂಡುಹಿಡಿಯುತ್ತಾನೆ. ಆದರೆ ಆ ನೀರನ್ನು ಹೊಲಕ್ಕೆ ತರಲು ಒಬ್ಬನಿಂದಾಗದು. ಇಡೀ ಊರು ಕೂಡಬೇಕು. ದ್ವೇಷಿಯೊಬ್ಬ ಅವನನ್ನು ಇರಿಯುತ್ತಾನೆ. ಸೇಡು ಬೆಳೆಯಬಾರದೆಂದು ಸಾಯುವಾಗಲೂ ಕೊಲೆಗಾರನ ಹೆಸರನ್ನು ಮುಚ್ಚಿಡುವಂತೆ ಅವನು ತಾಯಿಯನ್ನು ಕೇಳಿಕೊಳ್ಳುತ್ತಾನೆ. ಕೊನೆಗೆ ಊರವರು ಒಂದಾಗಿ ಕಾಲುವೆ ತೋಡುತ್ತಾರೆ. ಹೀಗೆ ಒಬ್ಬರ ಹೊಲಕ್ಕೆ ಎಲ್ಲರೂ ಕೂಡಿ ದುಡಿಯುವ ಪದ್ಧತಿಗೆ ಅಲ್ಲಿ ‘ಕೊಂಬಿಟ್’ ಎಂದು ಹೆಸರು. ನಮ್ಮ ಹಳ್ಳಿಗಳ ಮುಯ್ಯಾಳು ಪದ್ಧತಿಯನ್ನು ಬಲ್ಲವರಿಗೆ ಇದು ಕೂಡಲೇ ಅರ್ಥವಾಗುತ್ತದೆ. ಈ ಕಾದಂಬರಿಯಲ್ಲಿ ಪ್ರಗತಿಯ ಲಕ್ಷಣ ನೀರಲ್ಲ, ಕಾಲುವೆ. ನೀರು ಮೊದಲೂ ಬೆಟ್ಟದಲ್ಲಿತ್ತು. ಹೊಸದಾಗಿ ಬಂದದ್ದು ‘ನಾವು ತೋಡಿದೆವು’ ಎಂಬ ವಾಕ್ಯ.

ಈ ಅಳತೆಗೋಲನ್ನು ಹಿಡಿದು ೨೦೧೦ರ ನಂತರದ ಕೃತಿಗಳನ್ನು ನೋಡಬೇಕು. ಮೊದಲನೆಯದು ಡ್ಯಾನಿ ಲಾಫೆರ್ರಿಯೇರ್ ಅವರದು. ಅವರು ಕೆನಡಾದಲ್ಲಿ ನೆಲೆಸಿದ ಹೈಟಿಯ ಕಾದಂಬರಿಕಾರರು. ೨೦೧೩ರಲ್ಲಿ ಫ್ರೆಂಚ್ ಅಕಾಡೆಮಿಗೆ ಆಯ್ಕೆಯಾದವರು. ಸಾಹಿತ್ಯೋತ್ಸವಕ್ಕೆಂದು ಊರಿಗೆ ಬಂದಿದ್ದಾಗ ಹೋಟೆಲಿನಲ್ಲಿ ಭೂಕಂಪಕ್ಕೆ ಸಿಕ್ಕಿದರು. ಆಗ ಬರೆದುಕೊಂಡ ಟಿಪ್ಪಣಿಗಳಿಂದ ಹುಟ್ಟಿದ ಪುಸ್ತಕ ಇಂಗ್ಲಿಷಿನಲ್ಲಿ ‘ದಿ ವರ್ಲ್ಡ್ ಈಸ್ ಮೂವಿಂಗ್ ಅರೌಂಡ್ ಮಿ’. ಚಿಕ್ಕ ಚಿಕ್ಕ ಖಂಡಗಳು; ಅಬ್ಬರವಿಲ್ಲದ ಗದ್ಯ. ಹೈಟಿಗೆ ಶಾಪ ತಟ್ಟಿದೆ ಎಂಬ, ಆಗ ಜಗತ್ತಿನ ಬಾಯಲ್ಲೆಲ್ಲ ಓಡಾಡಿದ ಮಾತನ್ನು ಲಾಫೆರ್ರಿಯೇರ್ ಕಟುವಾಗಿ ತಿರಸ್ಕರಿಸುತ್ತಾರೆ. ಇದು ಪುಸ್ತಕದ ಬಹುಮುಖ್ಯ ವಿಮರ್ಶೆಯೆಂದು ನನ್ನ ಅಭಿಪ್ರಾಯ. ಏಕೆಂದರೆ ಶಾಪಗ್ರಸ್ತನಿಗೆ ಮಾಡಲು ಕೆಲಸವೇನೂ ಉಳಿಯುವುದಿಲ್ಲ, ಅವನು ಕಾಯಬೇಕಷ್ಟೆ. ಪುಸ್ತಕಕ್ಕೆ ಮಿತಿಯೂ ಇದೆ. ಬಿದ್ದ ಊರು ಎದ್ದು ಕೂರುವ ಮೊದಲ ಗಳಿಗೆಗಳನ್ನು ಅದು ಚೆನ್ನಾಗಿ ಕಾಣುತ್ತದೆ. ಆಮೇಲಿನ ನಿಧಾನವಾದ, ಬೇಸರದ, ಕಾಗದಪತ್ರಗಳ ವರ್ಷಗಳು ಅದರ ಕಣ್ಣಿಗೆ ಬೀಳುವುದಿಲ್ಲ.

ಇಲ್ಲಿ ಒಂದು ಪದದ ವಿಚಾರ ಹೇಳದಿರಲಾರೆ. ಹೈಟಿಯ ಜನಸಾಮಾನ್ಯರು ಈ ಭೂಕಂಪಕ್ಕೆ ತಾವೇ ಒಂದು ಹೆಸರಿಟ್ಟರು: ‘ಗುದುಗುದು’. ನೆಲದಡಿಯಿಂದ ಬಂದ ಸದ್ದಿನ ಅನುಕರಣೆ ಅದು. ನಮ್ಮಲ್ಲೂ ಗುಡುಗುಡು, ದಡದಡ ಎಂಬ ಅನುಕರಣಾವ್ಯಯಗಳಿವೆ. ಹೀಗಾಗಿ ಆ ಹೆಸರು ಕನ್ನಡದ ಕಿವಿಗೆ ಪರಕೀಯವೆನಿಸುವುದಿಲ್ಲ. ವಿಜ್ಞಾನಿಗಳು ಅಂಕಿಯಲ್ಲಿ ಅಳೆದದ್ದನ್ನು, ಪಾದ್ರಿಗಳು ಪಾಪದಲ್ಲಿ ಅಳೆದದ್ದನ್ನು, ಜನ ಸದ್ದಿನಲ್ಲಿ ಹಿಡಿದು, ಮಕ್ಕಳೂ ಹೇಳಬಲ್ಲ ಹೆಸರಾಗಿ ಮಾಡಿಕೊಂಡರು. ಅವಶೇಷಗಳ ನಡುವೆ ಆ ಜನ ಕರ್ತೃವಾಗಿ ಮಾಡಿದ ಮೊದಮೊದಲ ಕೆಲಸಗಳಲ್ಲಿ ಇದೂ ಒಂದು. ಯಾವ ವರದಿಯೂ ಇದನ್ನು ಪ್ರಗತಿಯ ಪಟ್ಟಿಗೆ ಸೇರಿಸುವುದಿಲ್ಲ.

ಯಾನಿಕ್ ಲಾಹೆನ್ಸ್ ಅವರ ‘ಫಾಯ್’ ಎಂಬ ಪುಸ್ತಕವೂ ೨೦೧೦ರಲ್ಲಿಯೇ ಬಂತು. ಹೆಸರಿನ ಅರ್ಥ ಬಿರುಕು. ಭೂಗರ್ಭದ ಬಿರುಕೂ ಹೌದು, ಸಮಾಜದ ಬಿರುಕೂ ಹೌದು. ಲೇಖಕಿಯ ಪ್ರಕಾರ ನೆಲದ ಬಿರುಕಿಗಿಂತ ಹಳೆಯವು ಇತಿಹಾಸದ ಬಿರುಕುಗಳು. ದಂಗೆಯೆದ್ದು ಗೆದ್ದ ಗುಲಾಮರು ೧೮೦೪ರಲ್ಲಿ ಕಟ್ಟಿದ ಈ ದೇಶದ ಮೇಲೆ, ತೋಟದ ಒಡೆಯರಿಗಾದ ನಷ್ಟಕ್ಕೆಂದು, ೧೮೨೫ರಲ್ಲಿ ಫ್ರಾನ್ಸ್ ೧೫ ಕೋಟಿ ಫ್ರಾಂಕುಗಳ ದಂಡ ಹೇರಿತು. ಮುಂದೆ ಅದನ್ನು ೯ ಕೋಟಿಗೆ ಇಳಿಸಿದರೂ, ಅದಕ್ಕಾಗಿ ಮಾಡಿದ ಸಾಲ ತೀರಿದ್ದು ೧೯೪೭ರಲ್ಲಿ. ಬಿಡುಗಡೆ ಪಡೆದವರೇ ಬಿಡುಗಡೆಯ ಬೆಲೆ ತೆತ್ತ ಇಂಥ ನಿದರ್ಶನ ಚರಿತ್ರೆಯಲ್ಲಿ ವಿರಳ. ಹೊರಗಿನವರ ಕನಿಕರವನ್ನು ತಣಿಸುವಂತೆ ಸಂಕಟವನ್ನು ಸಿಂಗರಿಸದೆ ಬರೆಯುವುದು ಹೇಗೆ ಎಂಬುದು ಲಾಹೆನ್ಸ್ ಅವರ ಚಿಂತೆ. ಎಲ್ಲ ಬಡದೇಶಗಳ ಲೇಖಕರೂ ಎದುರಿಸಬೇಕಾದ ಪ್ರಶ್ನೆಯಿದು.

ಮೆಕೆಂಜಿ ಒರ್ಸೆಲ್ ಎಂಬ ತರುಣ ಲೇಖಕರ ‘ದಿ ಇಮ್ಮಾರ್ಟಲ್ಸ್’ ಈ ಪ್ರಶ್ನೆಗೆ ಬಹಳ ದಿಟ್ಟವಾಗಿ ಉತ್ತರ ಕೊಡುತ್ತದೆ. ರಾಜಧಾನಿಯ ದೊಡ್ಡ ಬೀದಿಯ ವೇಶ್ಯೆಯೊಬ್ಬಳ ಬಳಿಗೆ ಬಂದ ಗಿರಾಕಿ ಲೇಖಕನೆಂದು ಗೊತ್ತಾಗುತ್ತದೆ. ಹಣ ಬೇಡ, ಭೂಕಂಪದಲ್ಲಿ ಸತ್ತ ನಮ್ಮವರ ಕಥೆಯನ್ನು ಬರೆದುಕೊಡು ಎಂದು ಅವಳು ಕರಾರು ಹಾಕುತ್ತಾಳೆ. ಕಥೆಯನ್ನು ಹೇಳುವವಳು ಅವಳು. ಬರೆಯುವವನು ಬರಿಯ ಲಿಪಿಕಾರ. ಯಾವ ಪರಿಹಾರದ ಪಟ್ಟಿಯಲ್ಲೂ ಹೆಸರಿಲ್ಲದವಳು ಇಲ್ಲಿ ಏನನ್ನೂ ಬೇಡುತ್ತಿಲ್ಲ; ಕೊಡುಕೊಳ್ಳುವಿಕೆಯ ನಿಯಮವನ್ನೇ ತಾನು ಗೊತ್ತುಮಾಡುತ್ತಿದ್ದಾಳೆ. ಗಾತ್ರದಲ್ಲಿ ಕಿರಿದಾದ ಈ ಕೃತಿಯ ನೈತಿಕ ಧೈರ್ಯ ದೊಡ್ಡದು. ಮಿರಿಯಮ್ ಚಾನ್ಸಿ ಅವರ ೨೦೨೧ರ ಕಾದಂಬರಿ ‘ವಾಟ್ ಸ್ಟಾರ್ಮ್, ವಾಟ್ ಥಂಡರ್’ ಇದನ್ನೇ ವಿಸ್ತಾರವಾದ ಹರಹಿನಲ್ಲಿ ಮಾಡುತ್ತದೆ. ಹತ್ತು ದನಿಗಳು, ಒಂದೊಂದೂ ಬೇರೆ ವರ್ಗದ್ದು. ಸಂತೆಯಲ್ಲಿ ಕುಳಿತು ವ್ಯಾಪಾರ ಮಾಡುವ ಮಾ ಲೂ ಎಂಬ ಮುದುಕಿಯ ಮಾತಿನಿಂದ ಮೊದಲಾಗಿ ಅವಳಲ್ಲಿಗೇ ಕಥೆ ಬಂದು ನಿಲ್ಲುತ್ತದೆ. ದನಿಗಳ ಸಂಖ್ಯೆ ಹೆಚ್ಚಿ ಕೆಲವು ತೆಳುವಾದವೆಂಬ ಆಕ್ಷೇಪ ನನ್ನದು. ಆದರೆ ಊರಿನ ಲೆಕ್ಕವನ್ನು ಸಂತೆಯ ಮುದುಕಿಯ ಕೈಗೆ ಕೊಟ್ಟದ್ದು ಸರಿಯಾದ ಆಯ್ಕೆ.

ನೆರವಿನ ಲೋಕವನ್ನೇ ನೇರವಾಗಿ ವಿಮರ್ಶಿಸಿದ ಕೃತಿ ಪುಸ್ತಕವಲ್ಲ, ಚಲನಚಿತ್ರ. ಹಿಂದೊಮ್ಮೆ ಹೈಟಿಯ ಸಂಸ್ಕೃತಿ ಸಚಿವರಾಗಿದ್ದ ರೌಲ್ ಪೆಕ್ ತಯಾರಿಸಿದ ಸಾಕ್ಷ್ಯಚಿತ್ರ ‘ಫೇಟಲ್ ಅಸಿಸ್ಟೆನ್ಸ್’ ೨೦೧೩ರಲ್ಲಿ ತೆರೆಕಂಡಿತು. ಪುನರ್ನಿರ್ಮಾಣ ನಡೆದ ಬಗೆಯನ್ನು ಎರಡು ವರ್ಷ ಬೆನ್ನುಹತ್ತಿ ತೆಗೆದ ಚಿತ್ರವಿದು. ಅದರಲ್ಲಿ ಬರುವ ಒಂದು ಸಂಗತಿ ಸಾಕು: ಕುಸಿದ ಕಟ್ಟಡಗಳ ಕಲ್ಲುಮಣ್ಣನ್ನು ತೆಗೆಯುವ ಕೆಲಸಕ್ಕೆ ಹಣ ಕೊಡಲು ದಾನಿಗಳಿಗೆ ಉತ್ಸಾಹವಿರಲಿಲ್ಲ. ಶಾಲೆ ಕಟ್ಟಿದರೆ ಫಲಕ ಹಾಕಬಹುದು. ಮಣ್ಣು ಹೊತ್ತು ಹಾಕಿದ ಜಾಗದಲ್ಲಿ ಫಲಕ ಎಲ್ಲಿ ನಿಲ್ಲಿಸುವುದು?

ಹಾಗಾದರೆ ಹೈಟಿಯಲ್ಲಿ ಪ್ರಗತಿಯೇ ಆಗಲಿಲ್ಲವೆ? ಹಾಗೆನ್ನುವುದು ಇನ್ನೊಂದು ಅನ್ಯಾಯ. ನಾವು ಹುಡುಕಿದ ಜಾಗ ತಪ್ಪು, ಅಷ್ಟೆ. ಅತ್ಯಂತ ಹೆಚ್ಚಾಗಿ ಮೆರೆಸಿದ ಲಕ್ಷಣ, ಡೇರೆಗಳಲ್ಲಿದ್ದವರ ಸಂಖ್ಯೆ ೧೫ ಲಕ್ಷದಿಂದ ೨೦೧೫ರ ಹೊತ್ತಿಗೆ ಒಂದು ಲಕ್ಷಕ್ಕಿಂತ ಕೆಳಗಿಳಿದದ್ದು. ಕೆಲವರು ಒಂದು ವರ್ಷದ ಬಾಡಿಗೆ ಹಣ ಪಡೆದು ಹೋದರು, ಕೆಲವರನ್ನು ಜಾಗದ ಒಡೆಯರು ಎಬ್ಬಿಸಿದರು. ಆದರೆ ಅಸಂಖ್ಯಾತ ಜನ ರಾಜಧಾನಿಯ ಉತ್ತರಕ್ಕಿದ್ದ ಬೋಳುಗುಡ್ಡಗಳಿಗೆ ಹೋಗಿ, ತಾವೇ ಗೆರೆ ಎಳೆದು, ಬೀದಿ ಬಿಡಿಸಿ, ಇಟ್ಟಿಗೆಯ ಮೇಲೆ ಇಟ್ಟಿಗೆ ಇಟ್ಟು, ಶಾಲೆ, ಇಗರ್ಜಿಗಳ ಸಮೇತ ಒಂದು ಊರನ್ನೇ ಕಟ್ಟಿದರು. ಬೈಬಲಿನ ವಾಗ್ದತ್ತ ಭೂಮಿಯ ನೆನಪಿನಿಂದ ಅದಕ್ಕೆ ‘ಕಾನಾನ್’ ಎಂದು ಹೆಸರಿಟ್ಟರು. ಕೆಲವೇ ವರ್ಷಗಳಲ್ಲಿ ಅಲ್ಲಿ ಎರಡು ಲಕ್ಷದಷ್ಟು ಜನ ನೆಲೆಸಿದ್ದರೆಂದು ಅಂದಾಜು. ಭೂಕಂಪದ ನಂತರ ಹೈಟಿಯಲ್ಲಿ ಎದ್ದ ಅತಿ ದೊಡ್ಡ ನಿರ್ಮಾಣವಿದು; ಇದು ಯಾರ ನಕ್ಷೆಯಲ್ಲೂ ಇರಲಿಲ್ಲ.

ಇನ್ನೊಂದು ನಿದರ್ಶನ. ಭೂಕಂಪವಾದದ್ದು ದಕ್ಷಿಣದಲ್ಲಿ, ಪುನರ್ನಿರ್ಮಾಣದ ಹೆಗ್ಗುರುತೆಂದು ೨೦೧೨ರ ಅಕ್ಟೋಬರಿನಲ್ಲಿ ಉದ್ಘಾಟನೆಯಾದ ಕರಾಕೋಲ್ ಕೈಗಾರಿಕಾ ವಸಾಹತು ಇರುವುದು ಉತ್ತರದಲ್ಲಿ. ಅರವತ್ತು ಸಾವಿರ ಉದ್ಯೋಗಗಳ ಮಾತಾಡಿದ್ದರು; ದೊರೆತದ್ದು ಅದರ ಸಣ್ಣ ಪಾಲು. ಫಲವತ್ತಾದ ಆ ನೆಲದಿಂದ ಮುನ್ನೂರಕ್ಕೂ ಹೆಚ್ಚು ರೈತ ಕುಟುಂಬಗಳು ಏಳಬೇಕಾಯಿತು. ಇಲ್ಲಿ ಹೈಟಿ ಚತುರ್ಥಿಯಲ್ಲೂ ಇಲ್ಲ; ಬರಿಯ ಸಪ್ತಮಿ, ‘ಹೈಟಿಯಲ್ಲಿ ಕಾರ್ಖಾನೆ’. ಆದರೆ ಆ ರೈತರು ಸುಮ್ಮನಿರಲಿಲ್ಲ. ಸಂಘ ಕಟ್ಟಿಕೊಂಡು, ಯೋಜನೆಗೆ ಹಣ ಒದಗಿಸಿದ ಅಂತರ ಅಮೆರಿಕನ್ ಅಭಿವೃದ್ಧಿ ಬ್ಯಾಂಕಿಗೆ ೨೦೧೭ರಲ್ಲಿ ದೂರು ಕೊಟ್ಟರು. ೨೦೧೮ರ ಡಿಸೆಂಬರಿನಲ್ಲಿ ಪರಿಹಾರದ ಒಪ್ಪಂದ ಮಾಡಿಸಿಕೊಂಡರು. ಕರಾಕೋಲಿನ ಪ್ರಗತಿಯನ್ನು ಕಾರ್ಖಾನೆಯ ಚಿಮಣಿಯಲ್ಲಿ ಹುಡುಕುವವರಿಗಿಂತ ಈ ಒಪ್ಪಂದದ ಕಾಗದದಲ್ಲಿ ಹುಡುಕುವವರೇ ಜಾಣರು. ಹಾಗೆಯೇ, ೨೦೧೦ರ ಅಕ್ಟೋಬರಿನಲ್ಲಿ ವಿಶ್ವಸಂಸ್ಥೆಯ ಶಾಂತಿಪಾಲಕರ ಶಿಬಿರದಿಂದಲೇ ನದಿಗೆ ಸೇರಿದ ಕಾಲರಾ ಎಂಟು ಲಕ್ಷ ಜನರಿಗೆ ತಗುಲಿ ಹತ್ತು ಸಾವಿರದಷ್ಟು ಜನರನ್ನು ಕೊಂದಿತು. ೨೦೧೬ರಲ್ಲಿ ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿ ಕ್ಷಮೆ ಕೇಳಿದರು. ಊರೂರು ತಿರುಗಿ ಆ ರೋಗವನ್ನು ಹತ್ತಿಕ್ಕಿದವರಲ್ಲಿ ಹೈಟಿಯ ಆರೋಗ್ಯ ಕಾರ್ಯಕರ್ತರೇ ಮುಂದು. ೨೦೧೯ರ ಆರಂಭದಿಂದ ಮೂರು ವರ್ಷಕ್ಕೂ ಹೆಚ್ಚು ಕಾಲ ಒಂದು ಪ್ರಕರಣವೂ ದೃಢಪಡಲಿಲ್ಲ. ೨೦೧೪ರಲ್ಲಿ ಕ್ರಿಯೋಲ್ ಭಾಷೆಗೆ ಅಕಾಡೆಮಿ ಸ್ಥಾಪನೆಯಾಯಿತು.

ಇಲ್ಲಿ ಸಹೃದಯರು ಒಂದು ಆಕ್ಷೇಪ ಎತ್ತಬಹುದು. ಹಸಿದವನಿಗೆ ವಿಭಕ್ತಿಯ ಚಿಂತೆಯೆ? ಅವನಿಗೆ ಅನ್ನ ಬೇಕು. ಅದು ಚತುರ್ಥಿಯಲ್ಲಿ ಬಂದರೇನು? ಆಕ್ಷೇಪ ಸರಿಯಾಗಿದೆ. ಕನ್ನಡದಲ್ಲಂತೂ ಹಸಿವು, ನೋವು, ದುಃಖ ಎಲ್ಲ ಚತುರ್ಥಿಯಲ್ಲೇ ಬರುತ್ತವೆ: ನನಗೆ ಹಸಿವು, ನನಗೆ ನೋವು. ಆದರೆ ‘ಅವರಿಗೆ ಹಸಿವು’ ಎಂಬುದಕ್ಕೂ ‘ನನಗೆ ಹಸಿವು’ ಎಂಬುದಕ್ಕೂ ಅಜಗಜಾಂತರವಿದೆ. ಮೊದಲನೆಯದನ್ನು ವರದಿ ಹೇಳುತ್ತದೆ. ಎರಡನೆಯದನ್ನು ಹಸಿದವನೇ ಹೇಳಬೇಕು. ಅವನ ಬಾಯಿಂದ ಆ ಮಾತು ಕೇಳಿದ ಮೇಲೆ ಕೊಡುವ ನೆರವಿಗೂ, ಕೇಳದೆ ಕೊಡುವ ನೆರವಿಗೂ ಫಲ ಬೇರೆ. ಮತ್ತೊಂದು ಮಾತು. ಕರ್ತೃವಾದರೆ ಸಾಲದು, ಕೆಲಸಕ್ಕೆ ಸಾಧನವೂ ಬೇಕು, ಅದು ತೃತೀಯೆ. ಕಾನಾನಿನ ಜನ ಮನೆ ಕಟ್ಟಿದರು. ನೀರು, ರಕ್ಷಣೆ, ಆಡಳಿತ ಅವರ ಹಿಂದೆ ಬರಲಿಲ್ಲ. ಕೊನೆಗೆ ಆ ಊರು ಸಶಸ್ತ್ರ ಗುಂಪುಗಳ ಹಿಡಿತಕ್ಕೆ ಸಿಕ್ಕಿತು. ‘ಎಂಥ ಸಹನಶೀಲ ಜನ!’ ಎಂದು ದೂರದಿಂದ ಹೊಗಳುವವರು ಇದನ್ನು ನೆನಪಿಡಬೇಕು. ಆ ಹೊಗಳಿಕೆಯಲ್ಲಿ ಕೈತೊಳೆದುಕೊಳ್ಳುವ ನೀರೂ ಇರುತ್ತದೆ.

ಈಚಿನ ವರ್ಷಗಳ ಚಿತ್ರ ಸುಖದಾಯಕವಲ್ಲ. ೨೦೨೧ರ ಜುಲೈಯಲ್ಲಿ ದೇಶದ ಅಧ್ಯಕ್ಷರ ಕೊಲೆಯಾಯಿತು. ಆಗಸ್ಟ್ ೧೪ರಂದು ಮತ್ತೊಂದು ದೊಡ್ಡ ಭೂಕಂಪದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಜನ ಸತ್ತರು. ೨೦೨೨ರಲ್ಲಿ ಕಾಲರಾ ಮರಳಿತು. ಗುಂಪುಗಳ ಹಿಂಸೆಗೆ ಹೆದರಿ ಮನೆ ಬಿಟ್ಟವರ ಸಂಖ್ಯೆ ೨೦೨೫ರ ಜೂನ್ ಹೊತ್ತಿಗೆ ಸುಮಾರು ೧೩ ಲಕ್ಷ. ೨೦೧೦ರ ಡೇರೆಗಳ ಲೆಕ್ಕಕ್ಕೆ ಬಹಳ ದೂರವಿಲ್ಲ. ಭೂಕಂಪದ ನಂತರ ಕಟ್ಟಿದ ಒಳ್ಳೆಯ ಕೆಲಸಗಳಲ್ಲೊಂದಾದ ಮಿರ್‌ಬಲೇ ಪಟ್ಟಣದ ೩೦೦ ಹಾಸಿಗೆಗಳ ಬೋಧನಾ ಆಸ್ಪತ್ರೆಯನ್ನು ೨೦೨೫ರ ವಸಂತದಲ್ಲಿ ಮುಚ್ಚಬೇಕಾಯಿತು. ಕಟ್ಟಡಗಳಷ್ಟನ್ನೇ ಪ್ರಗತಿಯೆಂದು ಎಣಿಸಿದವರಿಗೆ ಈಗ ಎಣಿಸಲು ಹೆಚ್ಚೇನೂ ಉಳಿದಿಲ್ಲ. ಆದರೆ ಆ ಆಸ್ಪತ್ರೆಯಲ್ಲಿ ಕಲಿತು ಹೊರಬಂದ ಹೈಟಿಯ ವೈದ್ಯರು ಇದ್ದಾರೆ. ಒಪ್ಪಂದ ಮಾಡಿಸಿಕೊಂಡ ರೈತರು ಇದ್ದಾರೆ. ಬೀದಿಯ ಹೆಂಗಸಿನ ಕರಾರನ್ನು ನಡೆಸಿಕೊಟ್ಟ ಕಾದಂಬರಿಯೂ ಇದೆ. ಇವನ್ನು ಕೆಡಹುವುದು ಕಟ್ಟಡವನ್ನು ಕೆಡಹಿದಷ್ಟು ಸುಲಭವಲ್ಲ.

ನಮ್ಮ ದೇಶವನ್ನೂ ಲೋಕ ‘ಅಭಿವೃದ್ಧಿ ಹೊಂದುತ್ತಿರುವ ರಾಷ್ಟ್ರ’ ಎನ್ನುತ್ತದೆ. ನಾವೂ ಹಾಗೆಯೇ ಹೇಳಿಕೊಳ್ಳುತ್ತೇವೆ. ನೆರೆಯೋ ಬರವೋ ಬಂದು ಹೋದ ಮೇಲೆ ಪತ್ರಿಕೆಗಳಲ್ಲಿ ‘ಸಂತ್ರಸ್ತರಿಗೆ’ ಎಂದು ತೊಡಗುವ ತಲೆಬರಹಗಳನ್ನು ನಾವು ದಿನವೂ ಓದಿ ಮಡಚಿಡುತ್ತೇವೆ. ಮುಂದಿನ ಸಲ ಅಂಥದೊಂದು ಸುದ್ದಿ ಕಂಡಾಗ, ಸಂತ್ರಸ್ತರು ತಾವೇ ಏನು ಮಾಡಿದರು, ಏನು ಕೇಳಿದರು, ಯಾವ ಸಭೆಯಲ್ಲಿ ಯಾವ ನುಡಿಯಲ್ಲಿ ಮಾತಾಡಿದರು ಎಂಬುದು ಅದರಲ್ಲಿ ಇದೆಯೆ ಎಂದು ವಾಚಕರು ಹುಡುಕಿ ನೋಡಬೇಕು. ಇದ್ದರೆ ಅದು ಪ್ರಗತಿಯ ಸುದ್ದಿ. ಇಲ್ಲದಿದ್ದರೆ ಅದು ಖರ್ಚಿನ ಲೆಕ್ಕ ಮಾತ್ರ.